ಎಕ್ಕದ ದಾಯಾದಿ

ನಾಣ್ಯ ಸಂಜಯನ ಬೆರಳ ಸಂದಿಯಿಂದ ಜಾರಿತು. ನೆಲಕ್ಕೆ ಬಿದ್ದು ಟಿಣ್ಣೆಂದು ಪುಟಿದು, ಊಟದ ಮೇಜಿನ ಕಾಲನ್ನು ಬಳಸಿಕೊಂಡು, ದಾರಿ ಗೊತ್ತಿದ್ದ ಹಾಗೆ ನೇರ ಅಡುಗೆಮನೆಯೊಳಕ್ಕೆ ಉರುಳಿತು.

"ಅಯ್ಯಯ್ಯೋ, ಭವ್ಯಾ, ಹೋಯ್ತು ಕಣೆ!"

"ಏನು ಹೋಯ್ತು?"

"ಫಿಲಿಪೀನ್ಸಿಂದು, ಐದು ಸೆಂಟಿಮೊ! ಹೂವಿಂದು! ಅಲ್ಲಿಯವರೇ ಈಗ ಇದನ್ನ ಜೇಬಲ್ಲಿ ಇಟ್ಕೊಳ್ಳಲ್ಲ. ನಮ್ಮ ಫ್ಯಾಕ್ಟರಿಯ ಜೋಯೆಲ್ ರಜಕ್ಕೆ ಊರಿಗೆ ಹೋದಾಗ ಅವರಜ್ಜಿ ಡಬ್ಬಿ ಕೆದಕಿ ತಂದಿದ್ದು. ಎಷ್ಟು ದಿನದಿಂದ ಕಾಯ್ತಿದ್ದೆ ಗೊತ್ತಾ?"

"ಕೂಸು ಹುಟ್ಟೋಕೂ ಇಷ್ಟು ಕಾದಿರಲಿಲ್ಲ ಬಿಡಿ ನೀವು" ಎಂದಳು ಭವ್ಯಶ್ರೀ. ಅಷ್ಟರಲ್ಲಿ ಕೋಣೆಯಲ್ಲಿ ಆ ಕೂಸೇ ಎದ್ದು ಕಿರುಚತೊಡಗಿತು. ಅವಳು ಒಳಗೆ ಓಡಿದಳು.

ಅಡುಗೆಮನೆಯಲ್ಲಿ ಅವಳ ತಾಯಿ ಸ್ವರ್ಣಲತಾ ಮೆಣಸಿನ ಸಾರು ಕುದಿಸುತ್ತಿದ್ದರು. ನಾಗಮಂಗಲದ ಕಡೆಯ ಹಳ್ಳಿಯಿಂದ ಮಗಳ ಬಾಣಂತನಕ್ಕೆಂದು ಮಲೇಷ್ಯಾದ ಪೆನಾಂಗಿಗೆ ಬಂದು ತಿಂಗಳ ಮೇಲಾಗಿದ್ದರೂ ಅಳಿಯನ ಎದುರು ನಿಂತು ಒಂದು ಮಾತಾಡಿದ್ದಿಲ್ಲ. ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನಿಗೆ ಹೇಳುವುದನ್ನೆಲ್ಲ ಮಗಳ ಬಾಯಿಂದಲೇ ಮುಟ್ಟಿಸಬೇಕು, ಅದೇ ಮರ್ಯಾದೆ. "ಊಟಕ್ಕೆ ಏಳ್ಬೇಕಂತೆ ಅಂತ ಹೇಳವ್ವ" ಎಂದು ಇವರು, "ಐದು ನಿಮಿಷ ಅಂತ ಹೇಳು" ಎಂದು ಅವನು. ಆದರೆ ಕಿವಿಗೇನು ಮರ್ಯಾದೆ? ಸಂಜೆಯಾದರೆ ಅವನು ತಾನು ಕೂಡಿಹಾಕಿದ ನಾಣ್ಯಗಳನ್ನು ಹೆಂಡತಿಗೆ ವರ್ಣಿಸುವುದನ್ನೆಲ್ಲ ಸ್ವರ್ಣಲತಾ ಸೌಟು ಹಿಡಿದುಕೊಂಡೇ ಕೇಳಿಸಿಕೊಳ್ಳುತ್ತಿದ್ದರು. ಹಳೆಯ ಒಂದು ಸೆಂಟಿಮೊದಲ್ಲಿ ಶಂಖದಂಥ ಚಿಪ್ಪು, ಹತ್ತರಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾಗುವ ಒಂದು ಮೀನು, ಇಪ್ಪತ್ತೈದರಲ್ಲಿ ಚಿಟ್ಟೆ. ಮಗಳು ಆಕಳಿಸುತ್ತಿದ್ದಳು. ತಾಯಿಗೆ ಮಾತ್ರ ಅವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಜೀವ ತುಡಿಯುತ್ತಿತ್ತು. ಹೋಗಿ ಕೇಳುವುದಾದರೂ ಹೇಗೆ?

ಈಗ ಸಂಜಯ ದಡಬಡನೆ ಒಳಗೆ ನುಗ್ಗುತ್ತಲೇ ಅವರು ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗಕ್ಕೆ ಸರಿದು ಬಾಗಿಲ ಮರೆಯಲ್ಲಿ ನಿಂತರು. ಕಾಲ್ಬೆರಳಿಗೆ ತಣ್ಣಗೆ ಏನೋ ತಗುಲಿತು. ಬಗ್ಗಿ ಎತ್ತಿದರು. ಹುಣಸೆಬೀಜದಷ್ಟಿನ ಬಿಳಿ ಬಿಲ್ಲೆ. ಬೆಳಕಿಗೆ ಹಿಡಿದರು. ಮೇಣ ಎರೆದು ಮಾಡಿದಂಥ ಎಸಳು, ನಡುವೆ ಪುಟ್ಟ ಕಿರೀಟ. ಎಕ್ಕ! ಹೊಲದ ಬದುವಿನ ಎಕ್ಕ, ಯಾರೂ ನೀರೆರೆಯದ, ಮೇಕೆಯೂ ಮೂಸದ ಎಕ್ಕ, ಆಂಜನೇಯನಿಗೆ ಹಾರ ಕಟ್ಟುವಾಗ ಬೆರಳಿಗೆಲ್ಲ ಹಾಲು ಅಂಟಿಸುವ ಎಕ್ಕ, ಇಲ್ಲಿ ದುಡ್ಡಿನ ಮೇಲೆ ಕೂತಿದೆ!

ಅತ್ತ ಸಂಜಯ ಕೆನ್ನೆಯನ್ನು ನೆಲಕ್ಕೆ ಹಚ್ಚಿ ಫ್ರಿಜ್ಜಿನ ಅಡಿ ಪೊರಕೆಕಡ್ಡಿ ಆಡಿಸುತ್ತಿದ್ದ. ಸ್ವರ್ಣಲತಾ ಬಳೆ ಸದ್ದು ಮಾಡಿದರು. ಕೆಮ್ಮಿದರು. ಕೊನೆಗೆ ವಾಷಿಂಗ್ ಮೆಷೀನಿನ ಕಡೆ ತಿರುಗಿ, "ಹುಡುಕೋರು ಅಲ್ಲಿ ಹುಡುಕ್ತಾವ್ರೆ, ಬಿದ್ದಿದ್ದು ಇಲ್ಲಿ ಅದೆ, ಯಾರಿಗ್ ಹೇಳನ" ಎಂದರು. ಹತ್ತಿರದ ಬಯಾನ್ ಲೆಪಾಸ್ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಆಗಲೇ ತಲೆಯ ಮೇಲೆ ಗುಡುಗಿ ಆ ಮಾತನ್ನು ನುಂಗಿಕೊಂಡು ಹೋಯಿತು. ಸಂಜಯ ಎದ್ದು ಫ್ರಿಜ್ಜನ್ನೇ ತಬ್ಬಿ ಎಳೆಯತೊಡಗಿದ. ಮೇಲಿದ್ದ ಅಂಟಿನುಂಡೆಯ ಗಾಜಿನ ಭರಣಿ ಅಂಚಿಗೆ ಜರುಗಿತು.

"ಭವ್ಯಾ! ಹೇಳವ್ವ ಅವ್ರಿಗೆ!"

ಕೂಸಿನ ಅಳುವಿನಲ್ಲಿ ಭವ್ಯಶ್ರೀಗೆ ಏನು ಕೇಳೀತು? ಭರಣಿ ಇನ್ನೊಂದು ಬೆರಳಷ್ಟು ಜರುಗಿತು.

"ಅಳಿಯಂದ್ರೇ, ಬಿಡಿ ಅದನ್ನ! ಎಕ್ಕದ ಹೂ ನನ್ ಕೈಲದೆ!"

ಸಂಜಯ ತಿರುಗಿದ. ಅತ್ತೆ ಬಾಗಿಲ ಮರೆಯಿಂದ ಪೂರ್ತಿ ಈಚೆಗೆ ಬಂದು ಅಂಗೈ ಚಾಚಿ ನಿಂತಿದ್ದರು. ಅಂಗೈಯಲ್ಲಿ ಮಿನುಗುತ್ತಿದ್ದ ನಾಣ್ಯದ ಮೇಲೆ ಸಂಜಯ ಬಗ್ಗಿದ.

"ಇದು ಎಕ್ಕ ಅಲ್ಲ ಅತ್ತೆ, ಅವರ ಕಡೆ ಯಾವುದೋ ಬಳ್ಳಿ ಹೂವಂತೆ. ಜೋಯೆಲ್ ಹೇಳ್ದ."

"ಬಳ್ಳಿನಾ? ಆವಯ್ಯ ಯಾವತ್ತಾದ್ರೂ ಎಕ್ಕದ ಹಾರ ಕಟ್ಟವ್ನಾ? ಈ ಕಿರೀಟ ನೋಡಿ. ಮೊಗ್ಗಲ್ಲಿ ಒತ್ತಿದ್ರೆ ಟಪ್ ಅನ್ನಲ್ವಾ, ಅದೇಯ ಇದು!"

ಸಂಜಯ ಫೋನ್ ತೆಗೆದು ಹುಡುಕಿದ. ಓದುತ್ತ ಓದುತ್ತ ಅವನ ದನಿ ಏರಿತು. "ಅತ್ತೆ, ಅತ್ತೆ! ಬಳ್ಳೀನೇ. ಆದ್ರೆ ಎಕ್ಕದ ಕುಲದ್ದಂತೆ! ಎರಡೂ ದಾಯಾದಿಗಳು!"

"ಮತ್ತೆ? ದಾಯಾದಿ ಅಂದ್ಮೇಲೆ ಮುಖ ಹೋಲ್ದೆ ಇರ್ತದಾ?" ಸ್ವರ್ಣಲತಾ ಗೆದ್ದವರಂತೆ ನಕ್ಕರು. "ನಮ್ಮೂರಲ್ಲಿ ಯಾರ್ ಮೇಲಾದ್ರೂ ಸಿಟ್ಟು ಬಂದ್ರೆ ನಿನ್ ಮನೇಲಿ ಎಕ್ಕ ಹುಟ್ಲಿ ಅಂತ ಬಯ್ತೀವಿ. ಇವ್ರು ನೋಡಿ, ಅದ್ರ ನೆಂಟನ್ನ ದುಡ್ಡಿನ ಮೇಲೆ ಕೂರ್ಸವ್ರೆ! ಎಲ್ಲಿ, ಆ ಮೀನಿಂದು ತೋರ್ಸಿ. ಚಿಟ್ಟೆದು ಎಲ್ಲದೆ?"

ಸಂಜಯ ಓಡಿಹೋಗಿ ಆಲ್ಬಮ್ ತಂದ. ಭೂತಗನ್ನಡಿ ತಂದ. ಅತ್ತೆಗೆ ಕುರ್ಚಿ ಎಳೆದು ಕೊಟ್ಟ.

ಸಾರು ಸೀದ ವಾಸನೆಗೆ ಭವ್ಯಶ್ರೀ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಊಟದ ಮೇಜಿನ ಬಳಿ ಗಂಡನ ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿದ್ದರು. ಕೂತೇ ಇದ್ದರು!

"ಈ ಮೀನಿಗೆ ಕಣ್ಣು ಎಲ್ ಮಡಗವ್ರೆ?" ಎನ್ನುತ್ತಿದ್ದರು.

ಭವ್ಯಶ್ರೀ ರೂಢಿಯಂತೆ ಬಾಯಿ ತೆರೆದಳು: "ರೀ, ಅಮ್ಮ ಕೇಳ್ತಿದಾರೆ, ಆ ಮೀನಿಗೆ..."

"ಸುಮ್ಕಿರವ್ವ" ಎಂದರು ಸ್ವರ್ಣಲತಾ, ಭೂತಗನ್ನಡಿಯಿಂದ ಕಣ್ಣು ಕೀಳದೆ. "ನಾನೂ ಅವ್ರೂ ಮಾತಾಡ್ತಿಲ್ವಾ? ಮಧ್ಯದಲ್ಲಿ ನೀನ್ಯಾಕೆ?"