ನೀಲವ್ವನ ಮಶೀನು

ಡಿಜಿಟಲ್ ನಾಣ್ಯ ತೆಗೆಯುವ ಮಶೀನಿಗಲ್ಲದೆ ಬೇರೆ ಯಾವುದಕ್ಕೂ ಸರ್ಕಾರ ಕರೆಂಟ್ ಕೊಡದೆ ಒಂಬತ್ತು ವರ್ಷವಾಗಿತ್ತು. ಓಣಿಯ ಮನೆಗಳೆಲ್ಲ ಸೇರಿ ಒಂದು ಪೂಲ್; ಎಲ್ಲರ ಮಶೀನುಗಳ ಗಳಿಕೆಯೂ ಒಂದೇ ಲೆಕ್ಕಕ್ಕೆ. ಮಶೀನಿನ ಬಿಸಿಗಾಳಿಗೇ ಹಪ್ಪಳ ಒಣಗುತ್ತಿತ್ತು, ಮೊಸರು ಹೆಪ್ಪಾಗುತ್ತಿತ್ತು.

ಪೂಲ್ ನೋಡಿಕೊಳ್ಳುವ ಗುರುಪಾದ ಬ್ರಷ್ ಹಿಡಿದು ನೀಲವ್ವನ ಮನೆಗೆ ಬಂದ.

"ಅಕ್ಕಾರ, ನಿಮ್ಮ ಮಶೀನ್ ಭಾಳ ಸಾವಕಾಶ ಓಡಾಕತ್ತೈತಿ. ಧೂಳ ತೆಗೀತೀನಿ. ಹಿಂಗಾದ್ರ ಇಡೀ ಓಣಿಗೆ ಕರೆಂಟ್ ಬಂದ್ ಮಾಡ್ತಾರ."

"ಮುಟ್ಟಬ್ಯಾಡೋ. ನಾನ ಸಾವಕಾಶ ಇಟ್ಟೀನಿ." ಅವಳು ಮಶೀನಿನ ಮೇಲಿದ್ದ ಬುಟ್ಟಿಯ ಅರಿವೆ ಸರಿಸಿದಳು. ಹನ್ನೊಂದು ತತ್ತಿಗಳಿದ್ದವು. "ಕಾವಿಗೆ ಕುಂತ ಕೋಳಿ ಸತ್ತಹೋತು. ಜೋರ್ ಓಡಿಸಿದ್ರ ಇವು ಬೇಯ್ತಾವ."

ಗುರುಪಾದ ಒಂದು ತತ್ತಿಯನ್ನು ಕಿವಿಗೆ ಹಿಡಿದ. ಒಳಗಿನಿಂದ ಚಿಂವ್ ಎಂದಿತು. ಅವನು ಬ್ರಷ್ ಜೇಬಿಗಿಟ್ಟ.

"ಇನ್ನ ಎಷ್ಟ ದಿನ?"

"ಎರಡ."

"ಅಲ್ಲೀತನಕ ನಮ್ಮನಿ ಮಶೀನ್ ಜೋರ್ ಓಡಸ್ತೀನಿ. ನಮ್ಮಾಕಿ ಹಪ್ಪಳ ಸೀದ್ರ ನಿಮ್ಮ ಹೆಸರ ಹೇಳಾಂವ ನಾನು."