ಬಿಚ್ಚದ ಮೆತ್ತೆಗಳು

ಎರಡನೆಯ ಎಳೆತಕ್ಕೇ ಹಗ್ಗ ಹಿಡಿದಿದ್ದ ಆರೂ ಜನರಿಗೆ ಗೊತ್ತಾಗಿಹೋಯಿತು. ಗೋಪುರದ ಗಂಟೆಗಳು ಒಂದು ಸಲ ಗಣಗಣ ಎಂದವು. ಮತ್ತೆ ಎಳೆದಾಗ, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತ ಹಾಗೆ ಬರೀ ಗುಂಯ್ ಎಂದವು. ಮತ್ತೆ ಗಣಗಣ, ಮತ್ತೆ ಗುಂಯ್. ಅದು ಸಾವಿಗೆ ಬಾರಿಸುವ ರೀತಿ. ಆದರೆ ಚರ್ಚಿನ ಬಾಗಿಲಲ್ಲಿ ಗಂಡನ ತೋಳು ಹಿಡಿದು ಆಗಷ್ಟೇ ಹೊರಗೆ ಕಾಲಿಟ್ಟಿದ್ದವಳು ಮದುಮಗಳು ಫ್ರೇಯಾ.

ಆ ಊರಲ್ಲಿ ಯಾರಾದರೂ ತೀರಿಕೊಂಡರೆ ಗಂಟೆಯ ನಾಲಿಗೆಯ ಒಂದು ಮಗ್ಗುಲಿಗೆ ಚರ್ಮದ ಮೆತ್ತೆ ಕಟ್ಟಿ ಬಾರಿಸುವುದು, ಮಣ್ಣಾದ ಮೇಲೆ ಬಿಚ್ಚುವುದು ರೂಢಿ. ಚರ್ಚು ಕಟ್ಟಿ ಏಳುನೂರು ವರ್ಷವಾಗಿರಬಹುದು, ಮೆತ್ತೆ ಬಿಚ್ಚದೆ ಮದುವೆಗೆ ಬಾರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಬುಧವಾರ ಮಣ್ಣಾದವನು ಫ್ರೇಯಾಳ ಅಪ್ಪ ಲೆನ್. ಅದೇ ಗೋಪುರದಲ್ಲಿ ನಲವತ್ತು ವರ್ಷ ದೊಡ್ಡ ಗಂಟೆಯ ಹಗ್ಗ ಎಳೆದವನು. ಶನಿವಾರದ ಮದುವೆ ಮುಂದೂಡಕೂಡದು ಎಂದು ಮಗಳಿಂದ ಮಾತು ತೆಗೆದುಕೊಂಡೇ ಕಣ್ಣು ಮುಚ್ಚಿದ್ದ.

ಗುರುವಾರ ಅವಳು ಸಿರಿಲ್‌ನ ಮನೆ ಬಾಗಿಲಿಗೆ ಬಂದಿದ್ದಳು. ಸಿರಿಲ್‌ಗೆ ಎಪ್ಪತ್ತಾರು ವರ್ಷ. ಗಂಟೆ ಬಾರಿಸುವವರಿಗೆಲ್ಲ ಅವನೇ ಯಜಮಾನ. ನಮ್ಮ ಮನೆ ತುಂಬ ಸಂತಾಪದ ಕಾರ್ಡುಗಳು, ನೆರೆಯವರು ಮರುಕಪಟ್ಟು ತಂದಿಟ್ಟ ಊಟದ ಪಾತ್ರೆಗಳು, ಅಳು. ನನಗೆ ಸಾಕಾಗಿದೆ ಎಂದಳು. “ಶನಿವಾರ ಒಂದು ದಿನ ನಂಗೆ ಅಪ್ಪ ನೆನಪಾಗೋದು ಬೇಡ ಅಂಕಲ್. ಗಂಟೆಗಳು ಬಾಯ್ತುಂಬ ಹಾಡ್ಲಿ.” ಸಿರಿಲ್ ಆಗಲಿ ಎಂದ.

ಆಗಲಿ ಎನ್ನುವುದು ಸುಲಭ. ಗಂಟೆಗಳಿದ್ದ ಅಟ್ಟಕ್ಕೆ ಎರಡು ಏಣಿ ಹತ್ತಬೇಕು. ಮಂಗಳವಾರ ಮೆತ್ತೆ ಕಟ್ಟಿ ಇಳಿಯುವಾಗಲೇ ಅವನ ಮಂಡಿ ಬನ್ನಿನ ಹಾಗೆ ಊದಿಕೊಂಡಿತ್ತು. ಗುರುವಾರ ಸಂಜೆ ನಾಲ್ಕು ಮೆಟ್ಟಿಲು ಹತ್ತಿ ಇಳಿದ. ಶುಕ್ರವಾರ ಐರಿಸ್ ಸಿಕ್ಕಿ, ಮೆತ್ತೆ ಬಿಚ್ಚಿದಿರಾ, ಇಲ್ಲದಿದ್ದರೆ ನಾನು ಹತ್ತಲಾ ಎಂದು ಕೇಳಿದಳು. ಹನ್ನೆರಡು ವರ್ಷದಿಂದ ಅವನ ಪಕ್ಕದ ಹಗ್ಗ ಎಳೆಯುವವಳು ಐರಿಸ್. ಮನೆಗಳಿಗೆ ಹುಲ್ಲಿನ ಮಾಡು ಹೊದಿಸುವುದು ಅವಳ ಕಸುಬು, ಏಣಿಯ ಮೇಲೇ ಬದುಕು. ಅಂಥವಳ ಕೈಗೂ ಸಿರಿಲ್ ಅಟ್ಟದ ಬೀಗದ ಕೈ ಒಂದು ದಿನವೂ ಕೊಟ್ಟವನಲ್ಲ. “ನೀನು ಹುಟ್ಟೋಕೆ ಮುಂಚಿನಿಂದ ಹತ್ತಿದೀನಿ. ಬಿಚ್ಚಾಯ್ತು,” ಎಂದುಬಿಟ್ಟ. ಮಾರನೆಯ ಬೆಳಿಗ್ಗೆ ಬಿಚ್ಚಿದರೆ ಸುಳ್ಳೂ ನಿಜವಾಗಿಬಿಡುತ್ತದೆ ಎಂದು ಅವನ ಲೆಕ್ಕಾಚಾರ. ಆದರೆ ಬೆಳಿಗ್ಗೆ ಆರನೆಯ ಮೆಟ್ಟಿಲಲ್ಲಿ ಕಾಲು ನಡುಗುತ್ತ ನಿಂತಿದ್ದಾಗ ಚರ್ಚಿಗೆ ಹೂವು ಜೋಡಿಸುವ ಹೆಂಗಸರು ಒಳಗೆ ಬಂದರು. ಅವರೆದುರು ನಗೆಪಾಟಲಾಗುವುದು ಬೇಡವೆಂದು ಇಳಿದ, ಇನ್ನೂ ಹೊತ್ತಿದೆ ಎಂದುಕೊಂಡ. ಹೊತ್ತಿರಲಿಲ್ಲ.

ಈಗ ಮಧ್ಯೆ ನಿಲ್ಲಿಸುವಂತಿರಲಿಲ್ಲ. ಮದುಮಗಳ ತಲೆಯ ಮೇಲೆ ಗಂಟೆಗಳು ತಟ್ಟನೆ ಬಾಯಿ ಮುಚ್ಚಿದರೆ ಊರೆಲ್ಲ ಅಪಶಕುನ ಎನ್ನುತ್ತಿತ್ತು. ಐರಿಸ್ ಒಂದು ಸಲ ಸಿರಿಲ್‌ನ ಮುಖ ನೋಡಿದಳು, ಆಮೇಲೆ ನೆಲ ನೋಡಿಕೊಂಡೇ ಎಳೆದಳು. ಅವನ ಕೈಯಲ್ಲಿದ್ದದ್ದು ಲೆನ್ ಎಳೆಯುತ್ತಿದ್ದ ಹಗ್ಗ. ಹತ್ತು ನಿಮಿಷ ಅವನೇ ಎಳೆದ, ಅವನೇ ಕೇಳಿಸಿಕೊಂಡ. ಇಷ್ಟು ವಯಸ್ಸಾದ ಮೇಲೆ ಮುಖ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಬಾರಿಸಿ ಮುಗಿದದ್ದೇ ಉಳಿದ ನಾಲ್ವರು ಜಾರಿಕೊಂಡರು. ಐರಿಸ್ ಮಾತ್ರ ಹಗ್ಗಗಳನ್ನು ಸುತ್ತಿಡುತ್ತ ಉಳಿದಳು. ಆಗ ಬಿಳಿ ಗೌನು ಎತ್ತಿ ಹಿಡಿದು ಫ್ರೇಯಾ ಒಬ್ಬಳೇ ಒಳಗೆ ಬಂದಳು. ಕಣ್ಣು ಕೆಂಪಾಗಿದ್ದವು. ಬೈಸಿಕೊಳ್ಳಲು ಸಿರಿಲ್ ತಯಾರಾಗಿ ನಿಂತ. ಬೈದರೆ ಸಾಕಪ್ಪಾ ಅನಿಸುತ್ತಿತ್ತು.

“ನಿಮ್ಮ ಹತ್ರ ಬಂದು ಅಪ್ಪ ನೆನಪಾಗೋದು ಬೇಡ ಅಂದ್ನಲ್ಲ ಅಂಕಲ್, ಎಂಥ ಮಗಳು ನಾನು,” ಎಂದಳು ಅವಳು. “ನಾನೇ ಮರೀತೀನಿ ಅಂದ್ರೂ ನೀವು ಅಪ್ಪನ್ನ ಮರೀಲಿಲ್ಲ. ಆ ಸದ್ದು ಕೇಳಿ ನಂಗೆ ತುಂಬಾ ನಾಚಿಕೆಯಾಯ್ತು.”

ನನ್ನ ಕೈಲಿ ಬಿಚ್ಚಲಾಗಲಿಲ್ಲಮ್ಮ, ಸುಳ್ಳು ಹೇಳಿದೆ. ಅವನು ಹೇಳಬೇಕಾಗಿದ್ದದ್ದು ಇಷ್ಟೇ, ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಅವಳು ತನ್ನ ಹೂಗುಚ್ಛದಿಂದ ಒಂದು ಹೂವು ತೆಗೆದು ಅವನ ಕೋಟಿಗೆ ಸಿಕ್ಕಿಸಿದಳು. ಆ ಕಣ್ಣಿಗೆ ತಾನು ಎಷ್ಟು ದೊಡ್ಡವನಾಗಿ ಕಾಣುತ್ತಿದ್ದೇನೆಂದು ಸಿರಿಲ್‌ಗೆ ತಿಳಿಯಿತು. ಅದು ಹಿತವಾಗಿಯೂ ಇತ್ತು, ಹಾಳಾದದ್ದು.

“ಲೆನ್ ನಮ್ಮವನಲ್ವಾ,” ಎಂದ.

ಫ್ರೇಯಾ ಕಣ್ಣೊರೆಸಿಕೊಂಡು ಹೋದಳು. ಐರಿಸ್ ಬಂದು ಅಂಗೈ ಚಾಚಿದಳು. ಸಿರಿಲ್ ಬೆಲ್ಟಿನಿಂದ ಬೀಗದ ಕೈ ಬಿಚ್ಚಿ ಅವಳ ಕೈಗಿಟ್ಟ. ತೆರೆದ ಬಾಗಿಲಿನಾಚೆ ಫೋಟೋದವನು ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮದುಮಗಳು ಅವರನ್ನು ದಾಟಿ, ಚರ್ಚಿನ ಮಗ್ಗುಲಲ್ಲೇ ಇದ್ದ ಅಪ್ಪನ ಗೋರಿಯ ಹಸಿ ಮಣ್ಣಿನಲ್ಲಿ ಮಂಡಿಯೂರಿದ್ದಳು. ಗೌನಿನ ಅಂಚೆಲ್ಲ ಕೆಸರು. ತಲೆ ಬಗ್ಗಿಸಿ ಏನೋ ಹೇಳುತ್ತಿದ್ದಳು. ತಪ್ಪಾಯಿತು ಎನ್ನುತ್ತಿದ್ದಾಳೆಂದು ಅಷ್ಟು ದೂರದಿಂದಲೂ ತಿಳಿಯುತ್ತಿತ್ತು. ಗಂಡ ಪಕ್ಕದಲ್ಲಿ ಏನು ಮಾಡಬೇಕೆಂದು ತೋಚದೆ ನಿಂತಿದ್ದ.

“ಮೆತ್ತೆ ನಾನು ಬಿಚ್ತೀನಿ,” ಎಂದಳು ಐರಿಸ್. “ನೀವು ಹೋಗಿ ಅವಳಿಗೆ ಹೇಳಿ. ಅಲ್ಲಿಗೆ ಏಣಿ ಹತ್ಬೇಕಾಗಿಲ್ಲ.”