ತತ್ತಿ ಒಲ್ಲದ ಕೈದಿ

ಜೈಲಿನ ಬೆಕ್ಕು ದಪ್ಪಗಾಗುತ್ತಿತ್ತು. ಅದಕ್ಕೆ ಕಾರಣವಿತ್ತು. ಆದರೆ ಕೈದಿ ಅಂದಾನೆಪ್ಪನೂ ದಪ್ಪಗಾಗುತ್ತಿದ್ದ. ಹೆಡ್ ವಾರ್ಡರ್ ನಿಂಗರಾಜನ ತಲೆ ಕೆಟ್ಟದ್ದು ಅದಕ್ಕೇ.

ಬೈಲಹೊಂಗಲ ಸೀಮೆಯ ಆ ಸಣ್ಣ ಜೈಲಿಗೆ ಬಂದಾಗ ಅಂದಾನೆಪ್ಪನ ಮೈಮೇಲೆ ಎಲುಬು, ಚರ್ಮ ಬಿಟ್ಟು ಬೇರೇನೂ ಇರಲಿಲ್ಲ. ಮುರಗೋಡದಲ್ಲಿ ಹೊಲದ ಬದುವಿನ ಜಗಳಕ್ಕೆ ದಾಯಾದಿಯ ತಲೆ ಒಡೆದ ಆರೋಪ. ಒಳಗೆ ಕಾಲಿಟ್ಟವನೇ ಕೆಮ್ಮಿದ. ಕಫ ಪರೀಕ್ಷೆ ಮಾಡಿಸಿದರೆ ಕ್ಷಯ! ಗಾಳಿ ಬೆಳಕಿನ ಬೇರೆ ಕೋಣೆ ಕೊಟ್ಟರು. ಉಳಿದ ಕೈದಿಗಳನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರು. ಪುಣ್ಯಕ್ಕೆ ಯಾರಿಗೂ ಅಂಟಿರಲಿಲ್ಲ. ಸರಕಾರಿ ಆಸ್ಪತ್ರೆಯ ನರ್ಸ್ ಮಂಜುಳಾ ಆರು ತಿಂಗಳ ಗುಳಿಗೆ ಶುರು ಮಾಡಿಸಿದಳು. ಜೊತೆಗೆ ದಿನಾ ಎರಡು ಬೇಯಿಸಿದ ಮೊಟ್ಟೆ.

"ಗುಳಿಗಿ ನುಂಗತೇನ್ರಿ. ತತ್ತಿ ಮಾತ್ರ ಒಲ್ಲೆ," ಎಂದ ಅಂದಾನೆಪ್ಪ, ಕೊರಳ ಲಿಂಗ ಮುಟ್ಟಿಕೊಂಡು. "ನಮ್ಮವ್ವಗ ಗೊತ್ತಾದ್ರ ಹೊಸ್ತಿಲಾ ದಾಟಗೊಡೂದಿಲ್ಲ."

"ಮೈಯಾಗ ಕಸುವಿಲ್ಲಂದ್ರ ಬರೇ ಗುಳಿಗಿ ಏನ್ ಮಾಡ್ತಾವೋ ಮಾರಾಯಾ? ಹಿಂಗ ಸೊರಗಿದ್ರ ನೀ ಉಳಿಯೂದ ಕಷ್ಟ ಐತಿ," ಎಂದಳು ಮಂಜುಳಾ, ಮುಚ್ಚುಮರೆಯಿಲ್ಲದೆ.

ಅವನು ಹಟ ಬಿಡಲಿಲ್ಲ. ಮೊದಲ ತಿಂಗಳು ತೂಕದ ಮುಳ್ಳು ಕದಲಲೂ ಇಲ್ಲ.

ಆಗ ತಾಯಿ ದೇವಕ್ಕ ನೋಡಲು ಬಂದಳು. ಸರಳಿನಾಚೆ ಮಗನನ್ನು ಕಂಡವಳೇ, "ಯಪ್ಪಾ, ಏನಾತೋ ನನ್ನ ಕೂಸಿಗೆ!" ಎಂದು ಗೋಳೋ ಎಂದು ಅತ್ತಳು. ಮಂಜುಳಾ ಅವಳನ್ನು ಪಕ್ಕಕ್ಕೆ ಕರೆದು ಮೊಟ್ಟೆಯ ವಿಷಯ ತೆಗೆದಳು.

"ಶಿವಶಿವಾ!" ದೇವಕ್ಕ ಎರಡೂ ಕಿವಿ ಮುಚ್ಚಿಕೊಂಡಳು. "ಮಠಕ್ಕ ನಡಕೊಳ್ಳೋ ಮನಿತನ ನಮ್ದು. ಅಂಥಾ ಮಾತ ಆಡಬ್ಯಾಡವಾ." ಆಮೇಲೆ ಕಣ್ಣೊರೆಸಿಕೊಂಡು, "ಮನಿ ಬುತ್ತಿ ತರಾಕ ಪರವಾನಗಿ ಸಿಗತೈತೇನು?" ಎಂದಳು.

ಪರವಾನಗಿ ಸಿಕ್ಕಿತು. ಅಂದಿನಿಂದ ದಿನಾ ಮೊದಲ ಬಸ್ಸಿಗೆ ದೇವಕ್ಕ ಹಾಜರ್. ಡಬ್ಬಿಯಲ್ಲಿ ಜೋಳದ ರೊಟ್ಟಿ, ಬಳ್ಳೊಳ್ಳಿ ಘಮ್ಮೆನ್ನುವ ಕಡಲೆಹಿಟ್ಟಿನ ಝುಣಕ. ಎಂಥ ಚಳಿಯಲ್ಲೂ ತಲೆಗೂದಲು ಒದ್ದೆ.

"ಜಳಕಾ ಮಾಡಿ ಅಡಗಿ ಮಾಡಿ ಬರೂದಂದ್ರ ಎಷ್ಟೊತ್ತಿಗೆ ಏಳತೀರಿ ಯವ್ವಾ?" ಎಂದು ನಿಂಗರಾಜ ಕೇಳಿದ್ದ.

"ಈಗೀಗ ಅಡಗಿ ಆದಮ್ಯಾಲ ಜಳಕಾರಿ," ಎಂದಿದ್ದಳು.

ಹೊರಗಿನ ಊಟ ತಪಾಸಣೆಯಾಗಿಯೇ ಒಳಗೆ ಹೋಗಬೇಕು. ರುಚಿ ನೋಡಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ, ನಿಂಗರಾಜ ನೋಡುತ್ತಿದ್ದ. ದೇವಕ್ಕ ಡಬ್ಬಿ ಹಿಂದಕ್ಕೆಳೆದುಕೊಂಡು, "ಬ್ಯಾಡ್ರೀ ಸಾಹೇಬ್ರ, ಬ್ಯಾನಿ ಮನಷ್ಯಾನ ಬುತ್ತಿ," ಎನ್ನುವಳು. ಇವನು ಅರ್ಧ ರೊಟ್ಟಿಗೆ ಆಗುವಷ್ಟು ಬಾಚಿಕೊಳ್ಳುವನು.

"ಈ ರುಚಿ ನಮ್ಮ ಮನ್ಯಾಗ ಬರೂದಿಲ್ಲ ನೋಡ್ರಿ!"

"ಬರಬಾರದು ಬಿಡ್ರಿ," ಎನ್ನುವಳು ದೇವಕ್ಕ.

ಅಂದಾನೆಪ್ಪನ ತೂಕ ಏರತೊಡಗಿತು. ಕೆನ್ನೆ ತುಂಬಿತು. ನಿಂಗರಾಜನ ಗುಮಾನಿಯೂ ಏರಿತು. ರೊಟ್ಟಿ ಝುಣಕ ಊರೆಲ್ಲ ತಿನ್ನುತ್ತದೆ, ಯಾರು ಹೀಗೆ ಉಬ್ಬುತ್ತಾರೆ? ಕಳ್ಳ, ಲಿಂಗ ಮುಟ್ಟಿ ಆಣೆ ಮಾಡಿ ಮರೆಯಲ್ಲಿ ಮೊಟ್ಟೆ ನುಂಗುತ್ತಿದ್ದಾನೆ!

ನಿಂಗರಾಜನಿಗೆ ಇದು ಸಣ್ಣ ವಿಷಯವಲ್ಲ. ಉಗರಗೋಳದವನು, ಹಣೆ ತುಂಬ ವಿಭೂತಿ. ಮೊಟ್ಟೆಯ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು, ಮೋರೆ ಆಚೆ ತಿರುವಿ ಕೋಣೆಗೆ ತಳ್ಳುತ್ತಿದ್ದ. ಹೆಂಡತಿ ಮೀನಾ ಅವನಿಗಿಂತ ಒಂದು ಕೈ ಮೇಲು. ಆ ಇಕ್ಕಳದ ಸುದ್ದಿ ಗೊತ್ತಾದ ದಿನದಿಂದ ಗಂಡನ ಖಾಕಿ ಅಂಗಿಯನ್ನು ಹಿತ್ತಲಲ್ಲೇ ಬಿಚ್ಚಿಸುತ್ತಿದ್ದಳು.

ಒಂದು ದಿನ ನಿಂಗರಾಜ ಕಿಟಕಿಗೆ ಕಣ್ಣಿಟ್ಟು ಕೂತ. ಅಂದಾನೆಪ್ಪ ಮೊಟ್ಟೆ ಸುಲಿದ. ಬೆಕ್ಕನ್ನು ಕರೆದ. ಎರಡನ್ನೂ ಅದಕ್ಕೇ ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡ. ಮರುದಿನವೂ ಅಷ್ಟೇ. ವಾರವಿಡೀ ಅಷ್ಟೇ. ನಿಂಗರಾಜನಿಗೆ ನಾಚಿಕೆಯಾಯಿತು.

"ಯವ್ವಾ, ಬಂಗಾರದಂಥಾ ಮಗನ್ನ ಹಡದೀರಿ," ಎಂದ ದೇವಕ್ಕನಿಗೆ. "ಒಂದ ತತ್ತೀನೂ ಮುಟ್ಟಿಲ್ಲ. ನಾನ ಸಾಕ್ಷಿ."

"ಮುಟ್ಟೂದಿಲ್ಲ ಅಂತ ಗೊತ್ತೈತ್ರಿ. ಹಟಮಾರಿ ಅದಾನ," ಎಂದಳು ದೇವಕ್ಕ. ಅವಳ ಸೀರೆಗೆ ಬಿಳಿ ತುಪ್ಪಳದಂಥದ್ದೇನೋ ಅಂಟಿಕೊಂಡಿತ್ತು. ಹತ್ತಿ ಇರಬೇಕೆಂದು ನಿಂಗರಾಜ ಊದಿ ಹಾರಿಸಿದ.

ಬೆಕ್ಕು ಓಡಿ ಬಂದು ಅವಳ ಡಬ್ಬಿಗೆ ಮೈ ಉಜ್ಜಿತು. ಅನ್ನ ಹಾಕಿದರೆ ಮೂಸದ ಪ್ರಾಣಿ ಅದು.

"ನೋಡ್ರಿ, ನಿಮ್ಮ ಮಗನ ಸಹವಾಸಕ್ಕ ಇದೂ ಝುಣಕಕ್ಕ ಬಂದೈತಿ!" ನಿಂಗರಾಜ ಹೊಟ್ಟೆ ಕುಲುಕಿಸಿ ನಕ್ಕ. ಈಚೆಗೆ ಅವನ ಬೆಲ್ಟೂ ಒಂದು ತೂತು ಮುಂದೆ ಹೋಗಿತ್ತು.

ಆರು ತಿಂಗಳು ಮುಗಿದವು. ಮಂಜುಳಾ ಕಡೆಯ ಪರೀಕ್ಷೆಯ ಫಲಿತಾಂಶ ಹಿಡಿದು ನಗುತ್ತಾ ಬಂದಳು. ಕಫದಲ್ಲಿ ರೋಗವಿಲ್ಲ, ಎದೆ ಸ್ವಚ್ಛ. "ಗೆದ್ದಿ ಬಿಡೋ ಅಂದಾನೆಪ್ಪ!" ದೇವಕ್ಕ ಸರಳಿನೊಳಗೆ ಕೈ ಹಾಕಿ ಮಗನ ತುಂಬಿದ ಕೆನ್ನೆ ಸವರಿದಳು. ಅಂದಾನೆಪ್ಪ, "ಅವ್ವಾ, ನಿನ್ನ ಕೈ ಅಡಗೀನ ನನ್ನ ಉಳಿಸ್ತು," ಎಂದು ಕಣ್ಣೊರೆಸಿಕೊಳ್ಳುತ್ತಾ ಗೆಳೆಯರಿಗೆ ಸುದ್ದಿ ಹೇಳಲು ಬ್ಯಾರಕ್ಕಿಗೆ ಹೋದ. ಮಂಜುಳಾ ಆಸ್ಪತ್ರೆಯ ದಾರಿ ಹಿಡಿದಳು.

ಬಾಗಿಲಲ್ಲಿ ಉಳಿದವರು ಇಬ್ಬರೇ. ನಿಂಗರಾಜ ಡಬ್ಬಿಯ ತಳ ಬಳಿದು ಬೆರಳು ನೆಕ್ಕಿದ.

"ಯವ್ವಾ, ಬುತ್ತಿ ಪರವಾನಗಿ ಮುಗೀತು, ನಾಳಿಂದ ನೀವು ಬರೂದಿಲ್ಲಂತ. ನನ್ನ ಗತಿ ಏನು? ಹೆಂಗ ಮಾಡತೀರಿ ಅಂತಾದ್ರೂ ಹೇಳ್ರಿ, ನಮ್ಮ ಮೀನಾನ ಕಡಿಂದ ಮಾಡಸ್ತೇನಿ."

ದೇವಕ್ಕ ಹಿಂದೆ ಮುಂದೆ ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹತ್ತಿರ ಬಂದಳು.

"ಕಡ್ಲಿಹಿಟ್ಟು ಕಲಸೂ ಮುಂದ ನಾಕ ತತ್ತಿ ಒಡದ ಹಾಕ್ರಿ, ವಾಸನಿ ಮುಚ್ಚಾಕ ಬಳ್ಳೊಳ್ಳಿ ಜಾಸ್ತಿ ಇರಲಿ, ನೀವು ನನ್ನ ಮಗಗ ಹೇಳಬ್ಯಾಡ್ರಿ ಸಾಹೇಬ್ರ, ನಾ ನಿಮ್ಮ ಮನಿಯವ್ರಿಗೆ ಹೇಳೂದಿಲ್ಲ."